ಚೆಕ್ಚಾ ಘಟ್ಟದಲ್ಲಿ ಇಬ್ಬರಿಗೆ ಒಂದೇ ಹೊದಿಕೆ

ಆದೋನಿ

ಏಪ್ರಿಲ್ ತಿಂಗಳ ಆದೋನಿಯಲ್ಲಿ ಕುಳಿತು ಚಳಿಗೆ ಹೆದರುವುದು ಸುಲಭದ ಮಾತಲ್ಲ. ಆದರೂ ನಾನು ಹೆದರಿದ್ದೆ. ಫ್ಯಾನಿನ ಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ತೊಡೆಯ ಮೇಲೆ ಹೊದಿಕೆಯೊಳಗೆ ತುಂಬುವ, ಏಳಡಿ ಉದ್ದದ ಪಾಲಿಯೆಸ್ಟರ್ ಹಾಸು. ಹಣೆಯ ಬೆವರು ಹೊಲಿಗೆ ಯಂತ್ರದ ಮೇಲೆ ತೊಟ್ಟಿಕ್ಕುತ್ತಿತ್ತು. ತಲೆಯೊಳಗೆ ಮಾತ್ರ ಒಂದೇ ಪ್ರಶ್ನೆ: ಅಲ್ಲಿ ಹೋದಮೇಲೆ ಇದು ಸಾಲದೆ ಹೋದರೆ?

ಸೆಪ್ಟೆಂಬರಿನಲ್ಲಿ ಸ್ವೀಡನ್ ದೇಶದ ಉತ್ತರ ತುದಿಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆಯುವುದೆಂದು ತೀರ್ಮಾನವಾಗಿತ್ತು. ರಸ್ತೆಯಿಲ್ಲ, ಊರಿಲ್ಲ, ದಿನಕ್ಕೊಂದು ತಂಗುಮನೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಗುಡಾರ. ಬೇಕಾದ್ದನ್ನೆಲ್ಲ ಬೆನ್ನ ಮೇಲೆ ಹೊರಬೇಕು. ಇಂಟರ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ನಿಂತೂ ನಿಂತೂ ಬೆನ್ನುನೋವು ಬಂದಿದೆ. ಹಗುರವಾದ ಹೊದಿಕೆಯೇ ಬೇಕಿತ್ತು. ಹಕ್ಕಿಯ ಪುಕ್ಕದವು ಹಗುರ ನಿಜ, ಆದರೆ ನೆನೆದರೆ ಮುದ್ದೆಯಾಗುತ್ತವೆ. ಪಾಲಿಯೆಸ್ಟರ್ ನೆನೆದರೂ ಅಷ್ಟಿಷ್ಟು ಕಾವು ಹಿಡಿಯುತ್ತದೆ ಎಂದು ಓದಿದ್ದೆ. ಅಮ್ಮನಿಂದ ಕಲಿತ ಹೊಲಿಗೆ ಇತ್ತು. ನಾನೇ ಹೊಲಿಯಲು ಕೂತೆ.

ನನ್ನ ಜೊತೆ ಹೊರಟಿದ್ದವನು ಚಿಗಪ್ಪ, ಅಪ್ಪನ ತಮ್ಮ. ಅರವತ್ತೆರಡು ವಯಸ್ಸು. ಹತ್ತಿ ಮಾರ್ಕೆಟ್ಟಿನಲ್ಲಿ ಜೀವಮಾನವೆಲ್ಲ ಹತ್ತಿಯ ತರ, ಅಂದರೆ ದರ್ಜೆ, ನೋಡಿ ಹೇಳಿದವನು. ಒಂದು ಚಿಟಿಕೆ ಹತ್ತಿಯನ್ನು ಎರಡು ಬೆರಳಿನಲ್ಲಿ ಎಳೆದು, ಎಳೆ ಎಷ್ಟು ಉದ್ದ, ಯಾವ ಹೊಲದ್ದು ಎಂದು ಹೇಳುತ್ತಿದ್ದ. ಪ್ರತಿ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವನು. ನನ್ನ ಯೋಜನೆ ಕೇಳಿ, "ಮಲ್ಲಯ್ಯನ ಗುಡ್ಡ ಹತ್ತಿದೋನಿಗೆ ಇದ್ಯಾವ ಲೆಕ್ಕ, ನಾನೂ ಬರ್ತೀನಿ" ಎಂದ. ಹೊಲಿಗೆ ನೋಡಿ ಮಾತ್ರ ಮೂಗು ಮುರಿದ. "ಹತ್ತಿ ತಿಂದು ಬದುಕಿದ ಮನ್ಯಾಗ ಪ್ಲಾಸ್ಟಿಕ್ ರಜಾಯಿ ಹೊಲಿತೀಯಲ್ಲ, ಉಮಾ."

ನೈಲಾನ್ ಬಟ್ಟೆ ಸೂಜಿಯ ಕೆಳಗೆ ಮೀನಿನ ಹಾಗೆ ಜಾರುತ್ತಿತ್ತು. ಮೊದಲನೆಯದು ಸೊಟ್ಟಗಾಗಿ ಬಿಚ್ಚಿದೆ. ಎರಡನೆಯದಕ್ಕೆ ಮೊದಲು ಹಾಸಿಗೆ ಅಂಗಡಿಯ ದಸ್ತಗಿರಿ ಸಾಬರ ಹತ್ತಿರ ಹೋದೆ. ರಜಾಯಿಗೆ ಹಾಕುವ ಹಾಗೆ ಮೇಲೆಲ್ಲ ಗೆರೆ ಗೆರೆ ಹೊಲಿಗೆ ಹಾಕಬೇಕೇ ಎಂದು ಕೇಳಿದೆ. ಅವರು ಹಾಸನ್ನು ಬೆಳಕಿಗೆ ಹಿಡಿದು ನೋಡಿದರು.

"ಬ್ಯಾಡಮ್ಮಾ. ಹತ್ತಿ ಆದ್ರ ಒಂದ್ಕಡಿ ಕೂಡ್ತೈತಿ, ಅದಕ್ಕ ನಡುವ ಹೊಲೀತೀವಿ. ಇದು ತಾನಾ ಹಿಡಕಂಡೈತಿ. ನೀ ಎಲ್ಲೆಲ್ಲಿ ಸೂಜಿ ಹಾಕ್ತಿ, ಅಲ್ಲೆಲ್ಲ ಅದು ಅಮುಕ್ತೈತಿ. ಅಮುಕಿದಲ್ಲಿಂದ ಥಂಡಿ ಒಳಗ ಬರ್ತೈತಿ. ಸುತ್ತ ಅಂಚಿಗಷ್ಟೇ ಹೊಲಿ, ಚಾಲು, ಅಷ್ಟ ಸಾಕು."

ಹಾಗೇ ಮಾಡಿದೆ. ಎರಡು ಪದರ ನೈಲಾನು, ನಡುವೆ ಹಾಸು, ಸುತ್ತ ಹೊಲಿಗೆ, ದಿಂಬಿನ ಚೀಲದಂತೆ ಒಳಗಿನದು ಹೊರಗೆ ಮಾಡಿ ತಿರುವಿದೆ. ಕಾಲಿನ ಕಡೆ ಮೊಣಕಾಲವರೆಗೆ ಚೀಲದಂತೆ ಮುಚ್ಚಿದೆ, ಕುತ್ತಿಗೆಗೆ ದಾರ ಕೊಟ್ಟೆ. ನಿದ್ದೆಯಲ್ಲಿ ಹೊರಳುವ ಅಭ್ಯಾಸ ನನಗೆ, ಅದಕ್ಕೆ ಅಗಲವಾಗಿಯೇ ಕತ್ತರಿಸಿದ್ದೆ. ಬೆನ್ನಿನ ಕೆಳಗೆ ಬರುವ ಭಾಗ ಇಡಲಿಲ್ಲ. ಮಲಗಿದವರ ಭಾರಕ್ಕೆ ಅಮುಕಿ ಹೋಗುವುದನ್ನು ಹೊತ್ತು ತಿರುಗಿ ಏನು ಫಲ?

ಪರೀಕ್ಷೆ ಮಾಡುವುದೆಲ್ಲಿ? ಪರಿಚಯದವರ ಐಸ್ ಫ್ಯಾಕ್ಟರಿಯ ಗಡ್ಡೆ ಇಡುವ ಕೋಣೆಯಲ್ಲಿ ಅರ್ಧ ಗಂಟೆ ಮಲಗಲು ಅಪ್ಪಣೆ ಕೇಳಿದೆ. ಕೆಲಸದವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಇಪ್ಪತ್ತು ನಿಮಿಷಕ್ಕೆ ಎಡ ಪಕ್ಕೆಯಲ್ಲಿ ಚಳಿಯ ಗೆರೆಯೊಂದನ್ನು ಎಳೆದಂತಾಯಿತು. ಅಲ್ಲಿ ಹಾಸು ಅಂಚಿನಿಂದ ಬಿಟ್ಟುಕೊಂಡಿತ್ತು. ಮನೆಗೆ ಬಂದು ಬಿಚ್ಚಿ ಮತ್ತೆ ಹೊಲಿದೆ. ಇನ್ನೂ ಎಲ್ಲಿ ಬಿಟ್ಟಿರಬಹುದು ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಅಬಿಸ್ಕೊ

ಸ್ವೀಡನ್ನಿನ ಉತ್ತರ ತುದಿಯಲ್ಲಿ ರೈಲು ಇಳಿದಾಗ ಬಿಸಿಲಿತ್ತು. ಗಿಡ್ಡ ಮರಗಳ ಎಲೆಯೆಲ್ಲ ಅರಿಶಿನ. ದಾರಿಯಲ್ಲಿ ಎದುರಾದವರು "ಹೇ ಹೇ" ಎಂದು ಮುಂದೆ ಹೋಗುತ್ತಿದ್ದರು. ಅವರ ನಮಸ್ಕಾರ ಅದು.

"ಏನ್ ಮಂದಿಯೋ, ಎತ್ತು ಹೊಡದಂಗ ಹೇ ಹೇ ಅಂತಾರ" ಎಂದು ಚಿಗಪ್ಪ ನಕ್ಕ. ಮಧ್ಯಾಹ್ನದ ಹೊತ್ತಿಗೆ ಅವನೂ ಎಲ್ಲರಿಗೂ ಹೇ ಹೇ ಎನ್ನುತ್ತಿದ್ದ, ಆಮೇಲೆ "ಆರಾಮೇನ್ರಿ" ಎಂದು ಸೇರಿಸುತ್ತಿದ್ದ. ಆಶ್ಚರ್ಯವೆಂದರೆ ಅವರೂ ತಲೆಯಾಡಿಸುತ್ತಿದ್ದರು.

ಹಳ್ಳದ ನೀರನ್ನು ಬಗ್ಗಿ ಹಾಗೇ ಕುಡಿಯಬಹುದಿತ್ತು. ಮದ್ದಿಕೇರದ ಕಡೆ ಟ್ಯಾಂಕರಿನ ಮುಂದೆ ಕೊಡ ಸಾಲು ಇಟ್ಟು ಕಾಯುವುದನ್ನು ನೋಡಿದ ಕಣ್ಣಿಗೆ ಅಷ್ಟು ನೀರು ಸುಮ್ಮನೆ ಹರಿದುಹೋಗುವುದು ದಂಡವೆನಿಸುತ್ತಿತ್ತು. ಹಿಮಸಾರಂಗದ ಹಿಂಡೊಂದು ದಾರಿಗಡ್ಡ ನಿಂತಾಗ ಚಿಗಪ್ಪ, ದೇವನಕೊಂಡದ ಕುರಿಯವರು ಮಾಡುವ ಹಾಗೆ, ನಾಲಗೆಯಿಂದ ಲೊಚಗುಟ್ಟಿದ. ಅವು ಕದಲಲಿಲ್ಲ. ಸುತ್ತಿ ಹೋದೆವು.

ಮೊದಲ ರಾತ್ರಿ ಗುಡಾರದಲ್ಲಿ ನಾನು ನನ್ನ ಹೊದಿಕೆಯಲ್ಲಿ ಬೆಚ್ಚಗಿದ್ದೆ. ಚಿಗಪ್ಪನಿಗೆ ಪುಕ್ಕ ತುಂಬಿದ ಮಲಗುವ ಚೀಲ ತರಿಸಿದ್ದೆ, ಅವನೂ ಬೆಚ್ಚಗಿದ್ದ. ಆದರೂ ಗಾಳಿ ಬೀಸಿದಾಗಲೆಲ್ಲ ನನ್ನ ಕೈ ಕತ್ತಲಲ್ಲಿ ಅಂಚಿನ ಹೊಲಿಗೆಯ ಮೇಲೆ ಓಡಾಡುತ್ತಿತ್ತು.

ಆಲೆಸ್‌ಯೌರೆ

ಮೂರನೆಯ ದಿನ ಕೆರೆಯ ಮೇಲಿನ ತಂಗುಮನೆ ಮುಟ್ಟಿದೆವು. ಅಲ್ಲಿ ಬಂದವರೇ ಸೌದೆ ಸೀಳಬೇಕು, ನೀರು ತರಬೇಕು, ಕೊಳೆ ನೀರು ಚೆಲ್ಲಬೇಕು. ಹೊರಡುವಾಗ ಮುಂದೆ ಬರುವವರಿಗೆಂದು ಒಲೆಯ ಪಕ್ಕ ಸೌದೆ ಜೋಡಿಸಿಟ್ಟು ಹೋಗಬೇಕು. ಮುಖ ನೋಡದವರಿಗಾಗಿ ಸೌದೆ ಸೀಳುವುದು ಚಿಗಪ್ಪನಿಗೆ ಬಹಳ ಹಿಡಿಸಿತು. ಬೇಡವೆಂದರೂ ಎರಡು ದಿನಕ್ಕಾಗುವಷ್ಟು ಸೀಳಿದ.

ಮನೆ ನೋಡಿಕೊಳ್ಳುವಾಕೆ ಬಿರ್ಗಿತ್ತಾ, ನಿವೃತ್ತ ದಾದಿ. ಬೆಳಿಗ್ಗೆ ನಾನು ಚೀಲ ಕಟ್ಟುತ್ತಿದ್ದಾಗ ಬಂದು ಗೋಡೆಯ ಮೇಲಿನ ಹವಾಮಾನದ ಚೀಟಿಯನ್ನು ಬೆರಳಿನಿಂದ ತಟ್ಟಿದಳು. ಮಧ್ಯಾಹ್ನದ ಮೇಲೆ ಘಟ್ಟದಲ್ಲಿ ಜೋರು ಗಾಳಿ, ಹಿಮ. "ಇಂದು ಇಲ್ಲೇ ಇರಿ. ನಾಳೆ ಒಳ್ಳೆಯದಿದೆ" ಎಂದಳು. ಅವರು ಹಾಗೆಯೇ, ಹೆದರಿಸುವುದಿಲ್ಲ, ಒತ್ತಾಯವಿಲ್ಲ. ಹೇಳಿ ಸುಮ್ಮನಾಗುತ್ತಾರೆ. ನಮ್ಮಲ್ಲಾದರೆ ಹಿರಿಯರೊಬ್ಬರು ಬಾಗಿಲಿಗೆ ಅಡ್ಡ ನಿಂತು ಬಯ್ಯುತ್ತಿದ್ದರು. ಆ ಬೈಗುಳವಿಲ್ಲದ್ದರಿಂದ ಅಪಾಯವೂ ಅಷ್ಟಕ್ಕಷ್ಟೇ ಎಂದುಕೊಂಡೆ.

ಒಂದು ದಿನ ತಡವಾದರೆ ಮುಂದಿನ ರೈಲು, ವಿಮಾನ ಎಲ್ಲವೂ ತಪ್ಪುತ್ತವೆ ಎಂಬ ಚಿಂತೆ ನನ್ನದು. ಚಿಗಪ್ಪನನ್ನು ಕೇಳಿದೆ.

"ನೀ ಹೇಳಿದಂಗ" ಎಂದ.

ಅವನು ಯಾವಾಗಲೂ ಹಾಗೇ ಹೇಳುವವನು. ಅದನ್ನೇ ಒಪ್ಪಿಗೆ ಎಂದು ಹಿಡಿದೆ. ಹೊರಟೆವು. ಬಿರ್ಗಿತ್ತಾ ಬಾಗಿಲಲ್ಲಿ ನಿಂತು ನಾವು ಮರೆಯಾಗುವವರೆಗೂ ನೋಡುತ್ತಿದ್ದಳು.

ಚೆಕ್ಚಾ ಘಟ್ಟ

ಹನ್ನೊಂದರ ಹೊತ್ತಿಗೆ ಮಳೆ. ಒಂದು ಹಳ್ಳ ದಾಟುವಾಗ ಕಲ್ಲು ಜಾರಿ ಚಿಗಪ್ಪ ಬಿದ್ದ. ನೀರು ಸೊಂಟದವರೆಗಷ್ಟೆ, ಆದರೆ ಅವನು ಮಕಾಡೆ ಬಿದ್ದಿದ್ದ, ಚೀಲವೂ ಮುಳುಗಿತು. ಎಳೆದು ನಿಲ್ಲಿಸಿದೆ. "ಪರವಾಲೇದು, ಪರವಾಲೇದು" ಎಂದು ತೆಲುಗಿನಲ್ಲಿ ಹೇಳುತ್ತ ಮುಖ ಒರೆಸಿಕೊಂಡ. ಪುಕ್ಕದ ಚೀಲ ನೆನೆದ ಕೋಳಿಯ ಹಾಗೆ ಮುದ್ದೆಯಾಗಿತ್ತು. ಬಟ್ಟೆ ಬದಲಿಸು ಎಂದೆ. ಒಣಗಿದ್ದು ಇಲ್ಲ, ನಡೆದರೆ ಬಿಸಿಯಾಗುತ್ತದೆ ಎಂದ.

ಘಟ್ಟದ ಕೆಳಗೆ ಇನ್ನೊಂದು ತಂಗುಮನೆ ಇತ್ತು. ಹೊಗೆ ಕಾಣುತ್ತಿತ್ತು. ದಾರಿಯಿಂದ ನಾಲ್ಕು ಹೆಜ್ಜೆ ಒಳಗೆ. ನಾನು ಗಡಿಯಾರ ನೋಡಿ, ಇನ್ನು ಸ್ವಲ್ಪವೇ ಏರು, ದಾಟಿಬಿಡೋಣ ಎಂದೆ. ಆ ಹೊಗೆಯನ್ನು ದಾಟಿ ಹೋದ ನನ್ನ ಆ ಹೆಜ್ಜೆಗಳನ್ನು ಇಂದಿಗೂ ಮರೆಯಲಾಗಿಲ್ಲ.

ಏರಿನಲ್ಲಿ ಮಳೆ ಹಿಮವಾಯಿತು. ಗಾಳಿ ಅಡ್ಡ ಬಂದು ಕಣ್ಣಿಗೆ ಉಪ್ಪಿನ ಹರಳು ಎರಚಿದಂತೆ ಎರಚುತ್ತಿತ್ತು. ದಾರಿ ತೋರಿಸಲು ಕಲ್ಲುಗಳ ಮೇಲೆ ಕೆಂಪು ಬಣ್ಣ ಬಳಿದಿದ್ದರು. ಅವು ಒಂದೊಂದಾಗಿ ಬಿಳಿಯಾದವು. ತಲೆ ತಗ್ಗಿಸಿ ನಡೆಯುತ್ತಿದ್ದೆ. ತಿರುಗಿ ನೋಡಿದಾಗ ಚಿಗಪ್ಪ ಇರಲಿಲ್ಲ.

ಕೂಗಿದೆ. ನನ್ನ ದನಿ ನನ್ನ ಬಾಯಿಯ ಮುಂದೆಯೇ ಸತ್ತುಹೋಯಿತು. ನನ್ನ ಹೆಜ್ಜೆಯ ಗುರುತು ಹಿಡಿದು ಇಳಿದೆ; ಅವೂ ಮುಚ್ಚಿಹೋಗುತ್ತಿದ್ದವು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಒಂದು ಬಂಡೆಯ ಮೇಲೆ, ಬಸ್ಸಿಗೆ ಕಾಯುವವನಂತೆ, ಕೈ ತೊಡೆಯ ಮೇಲಿಟ್ಟು ಕೂತಿದ್ದ. ಕೈಗವುಸು ತೆಗೆದು ಪಕ್ಕಕ್ಕಿಟ್ಟಿದ್ದ.

"ಚಿಗಪ್ಪಾ! ಏಳು!"

ನನ್ನ ಕಡೆ ನೋಡಿದ. ನಾಲಗೆ ತೊದಲುತ್ತಿತ್ತು. "ನಾಗಲೂಟಿ ದಾಟಿದ್ವೇನು? ಮಂದಿ ಎಲ್ಲ ಮುಂದ ಹೋದ್ರಾ?"

ನಾಗಲೂಟಿ ಶ್ರೀಶೈಲದ ಕಾಡುದಾರಿಯಲ್ಲಿದೆ. ಅವನು ಯುಗಾದಿಯ ಬಿಸಿಲಿನಲ್ಲಿ ನಡೆಯುತ್ತಿದ್ದ. ಇನ್ನೂ ಭಯಂಕರವಾದದ್ದು ಬೇರೆ ಇತ್ತು: ಅವನು ನಡುಗುತ್ತಿರಲಿಲ್ಲ. ನಡುಗುತ್ತಿರುವಷ್ಟು ಹೊತ್ತು ಮೈ ಹೋರಾಡುತ್ತಿರುತ್ತದೆ, ನಡುಕ ನಿಂತರೆ ಸೋತಿತೆಂದು ಲೆಕ್ಕ. ಮಕ್ಕಳಿಗೆ ಶಾಖದ ಪಾಠ ಮಾಡುವಾಗ ನಾನೇ ಹೇಳಿದ ಮಾತು.

"ದಾಟೀವಿ. ಛತ್ರ ಇಲ್ಲೇ ಐತಿ, ಬಾ" ಎಂದೆ. ತೋಳಿಗೆ ತೋಳು ಕೊಟ್ಟು ಎಳೆದೆ. ಘಟ್ಟದ ನೆತ್ತಿಯಲ್ಲಿ ನಡೆಯುವವರ ಆಪತ್ತಿಗೆಂದು ಒಂದು ಪುಟ್ಟ ಮರದ ಗೂಡು ಕಟ್ಟಿದ್ದಾರೆ ಎಂದು ನಕ್ಷೆಯಲ್ಲಿ ನೋಡಿದ್ದೆ. ಹತ್ತು ಹೆಜ್ಜೆಗೊಮ್ಮೆ ಅವನು ಕೂರಲು ನೋಡುತ್ತಿದ್ದ. ಬೈದೆ. ಹುಟ್ಟಿದಾಗಿನಿಂದ ಅವನಿಗೆ ಎದುರು ಮಾತಾಡದವಳು ಬಾಯಿಗೆ ಬಂದದ್ದು ಬೈದೆ. ಗೂಡು ಕಂಡಾಗ ಅದರ ಬಾಗಿಲಿಗೆ ಹಿಮ ಕಟ್ಟಿತ್ತು, ಕೈಯಿಂದ ಬಗೆದು ತೆಗೆದೆ.

ಒಳಗೆ ಎರಡು ಬೆಂಚು. ಬೆಂಕಿಗೆ ಜಾಗವಿಲ್ಲ. ನನ್ನ ಚಿಕ್ಕ ಒಲೆಯ ಗ್ಯಾಸು ಹಿಂದಿನ ದಿನವೇ ಮುಗಿದಿತ್ತು. ಮುಂದಿನ ತಂಗುಮನೆಯಲ್ಲಿ ಸಿಗುತ್ತದೆಂದು ಸುಮ್ಮನಿದ್ದೆ. ಮಧ್ಯಾಹ್ನ ಮೂರು ಗಂಟೆ, ಕಿಟಕಿಯಲ್ಲಿ ಬೂದಿ ಬಣ್ಣದ ಬೆಳಕು. ಚಿಗಪ್ಪನ ಬಟ್ಟೆ ಬಿಚ್ಚಲು ಶುರುಮಾಡಿದೆ. ಗುಂಡಿ ತೆಗೆಯಲು ನನ್ನ ಬೆರಳು ಬಗ್ಗುತ್ತಿರಲಿಲ್ಲ, ಹಲ್ಲಿನಿಂದ ಕಿತ್ತೆ. ಮೇಲಂಗಿಯ ಕೆಳಗೆ, ನಾನು ಕೊಡಿಸಿದ್ದ ಬಟ್ಟೆಯ ಕೆಳಗೆ, ಮೈಗಂಟಿ ಒಂದು ಹತ್ತಿ ಬನಿಯನ್ನು, ಹತ್ತಿ ಚಡ್ಡಿ. ಹತ್ತಿ ಬೇಡ, ಅದು ನೀರು ಕುಡಿದರೆ ಬಿಡುವುದಿಲ್ಲ, ಮೈಯ ಕಾವೆಲ್ಲ ಹೀರುತ್ತದೆ ಎಂದು ನೂರು ಸಲ ಹೇಳಿದ್ದೆ. ಹೂಂ ಎಂದಿದ್ದ. ಬನಿಯನ್ನಿನಿಂದ ಹಿಂಡಿದಂತೆ ನೀರು ಇಳಿಯಿತು.

ಹೆಣ್ಣುಮಗಳಾಗಿ ಚಿಗಪ್ಪನ ಮೈಮೇಲಿನ ಬಟ್ಟೆಯೆಲ್ಲ ತೆಗೆದೆ. ಕೊರಳಲ್ಲಿದ್ದ ಲಿಂಗವೊಂದನ್ನು ಬಿಟ್ಟು. ಅದಕ್ಕೆ ಕೈ ತಾಗಿದಾಗ ಮಾತ್ರ ಅವನ ಮುಷ್ಟಿ ಬಿಗಿಯಾಯಿತು.

ಹೊದಿಕೆ ತೆಗೆದೆ. ಅದನ್ನು ತುರುಕಿದ್ದ ಚೀಲಕ್ಕೂ ಮಳೆನೀರು ನುಗ್ಗಿ ಒಂದು ಮೂಲೆ ತೊಯ್ದಿತ್ತು. ಅವನ ಪಾದಗಳನ್ನು ಅದರ ಕಾಲಿನ ಕಡೆಯ ಚೀಲಕ್ಕೆ ತೂರಿಸುವಾಗ ಅವಸರಕ್ಕೆ ಚರ್ರನೆ ಸದ್ದು. ಅಂಚಿನ ಹೊಲಿಗೆ ಒಂದು ಗೇಣು ಬಿಚ್ಚಿಕೊಂಡಿತು. ಐದು ತಿಂಗಳಿನಿಂದ ಯಾವ ಸದ್ದಿಗೆ ಹೆದರುತ್ತಿದ್ದೆನೋ ಅದೇ ಸದ್ದು. ಆ ಹೊತ್ತಿಗೆ ಅತ್ತೆನೆಂದು ನೆನಪು. ನನ್ನ ಒದ್ದೆ ಬಟ್ಟೆಯನ್ನೂ ಕಳಚಿ, ಒಣಗಿದ ಒಳಬಟ್ಟೆಯಲ್ಲಿ ಅವನ ಬೆನ್ನಿಗೆ ಬೆನ್ನು ಹಚ್ಚಿ ಕೂತು ಹೊದಿಕೆಯನ್ನು ಇಬ್ಬರ ಮೇಲೂ ಎಳೆದುಕೊಂಡೆ. ಅಗಲ ಸಾಕಾಯಿತು, ಹೇಗೋ. ಅವನ ಬೆನ್ನು ಐಸ್ ಗಡ್ಡೆಯ ಹಾಗಿತ್ತು.

"ಚಿಗಪ್ಪಾ, ಮಲಗಬ್ಯಾಡ. ಮಾತಾಡು."

ಅವನ ಹೆಂಡತಿ ಚಿಗವ್ವನ ಹೆಸರು ಹೇಳಿದೆ, ಮನೆಯ ಮಾತು ಆಡಿದೆ, ಪಂಚಾಕ್ಷರಿ ಹೇಳು ಎಂದೆ. ಎರಡು ಸಲ ಹೇಳಿ ನಿಲ್ಲಿಸಿದ. ಅವನ ಉಸಿರು ಎಣಿಸುತ್ತ ಕೂತೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಗಾಳಿ ಗೂಡನ್ನು ಅಲ್ಲಾಡಿಸುತ್ತಿತ್ತು. ಪ್ರತಿ ಸಲವೂ, ಇನ್ನು ಬರುವುದಿಲ್ಲವೇನೋ ಎನಿಸುತ್ತಿತ್ತು.

ಬಿಚ್ಚಿದ ಹೊಲಿಗೆಯಿಂದ ಹಾಸು ಹೊರಗೆ ಬಂದಿತ್ತು. ಏನು ತೋಚಿತೋ, ಒಂದು ಚಿಟಿಕೆ ಕಿತ್ತು, ಅವನ ಕಡೆ ತಿರುಗಿ, ಅವನ ಬೆರಳುಗಳ ನಡುವೆ ಇಟ್ಟೆ.

"ಇದು ಯಾವ ತರ ಐತಿ, ನೋಡಿ ಹೇಳು. ಎಳಿ ಎಷ್ಟುದ್ದ? ಎಲ್ಲೀದು? ಚಿಪ್ಪಗಿರೀದಾ?"

ಬೆರಳು ಸುಮ್ಮನಿದ್ದವು. ಕೇಳುತ್ತಲೇ ಇದ್ದೆ. ಆಮೇಲೆ ಹೆಬ್ಬೆರಳು ಒಂದಿಷ್ಟು ಕದಲಿತು. ಉಜ್ಜಿತು. ಎಳೆಯಲು ನೋಡಿತು, ನಿಂತಿತು, ಮತ್ತೆ ಉಜ್ಜಿತು. ಬಹಳ ಹೊತ್ತು ಕಳೆದು, ಯಾರೋ ಮೋಸ ಮಾಡಲು ಬಂದವರ ಮೇಲೆ ರೇಗುವ ಹಾಗೆ, ಸಣ್ಣ ದನಿ ಬಂತು.

"ಇದು ಹತ್ತಿ ಅಲ್ಲಬೇ."

ಅಷ್ಟಾದ ಮೇಲೆ ಅವನ ಮೈ ನಡುಗತೊಡಗಿತು. ಮೊದಲು ಭುಜ, ಆಮೇಲೆ ದವಡೆ, ಆಮೇಲೆ ಬೆಂಚೇ ಕಟಕಟ ಎನ್ನುವಂತೆ. ನನಗೆ ಆ ನಡುಕ ನಿಲ್ಲುವುದು ಬೇಡವಾಗಿತ್ತು. ಅವನ ತೋಳನ್ನು ಹಿಡಿದು, "ನಡಗು ಚಿಗಪ್ಪಾ, ಇನ್ನಾ ನಡಗು" ಎನ್ನುತ್ತಿದ್ದೆ.

ಅವನು ನಡುಗುತ್ತಿರುವಾಗಲೇ ಬಾಗಿಲು ತೆರೆಯಿತು. ಎದುರು ದಿಕ್ಕಿನಿಂದ ಬಂದ ಒಬ್ಬ ಗಡ್ಡದ ಮನುಷ್ಯ, ಫಿನ್ಲೆಂಡಿನವನೆಂದು ಆಮೇಲೆ ತಿಳಿಯಿತು. ನಮ್ಮನ್ನು ನೋಡಿದ. ಬೂಟು ಕಳಚಿ, ಜೋಡಿಸಿ, ಹೊಸ್ತಿಲ ಪಕ್ಕ ಇಟ್ಟ. ನಮ್ಮ ಮನೆಯಲ್ಲೂ ಯಾರೂ ಚಪ್ಪಲಿ ಹಾಕಿ ಒಳಗೆ ಬರುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಆ ನಿಧಾನ ಕಂಡು ಕಿರುಚಬೇಕೆನಿಸಿತು. ಆಮೇಲೆ ತನ್ನ ಗ್ಯಾಸ್ ಒಲೆ ಹಚ್ಚಿ ನೀರು ಕಾಯಿಸಿದ. ಸಕ್ಕರೆ ಸುರಿದು ಚಿಗಪ್ಪನಿಗೆ ಗುಟುಕು ಗುಟುಕಾಗಿ ಕುಡಿಸಿದ. ಬಿಸಿ ನೀರು ತುಂಬಿದ ಬಾಟಲಿಯನ್ನು ತನ್ನ ಕಾಲುಚೀಲದಲ್ಲಿ ಸುತ್ತಿ ಎದೆಗಿಟ್ಟ. ಎಲ್ಲ ಮುಗಿದ ಮೇಲೆ ಹೊದಿಕೆಯ ಅಂಚು ಹಿಡಿದು ನೋಡಿ, "ನೀನೇ ಹೊಲಿದಿದ್ದಾ?" ಎಂದು ಕೇಳಿದ. ತಲೆಯಾಡಿಸಿದೆ. ತನ್ನ ಚೀಲದಿಂದ ಸೂಜಿ ದಾರ ತೆಗೆದು ಬಿಚ್ಚಿದ ಗೇಣುದ್ದವನ್ನು ಅಲ್ಲೇ ಹೊಲಿದ. ನನ್ನ ಕೈಯಿಂದ ಅದು ಆಗುತ್ತಿರಲಿಲ್ಲ.

ಗಾಳಿ ಇಳಿಯಲಿಲ್ಲ. ಮೂವರೂ ಬೆಳಗಿನವರೆಗೆ ಅಲ್ಲೇ ಇದ್ದೆವು.

ಸೆಲ್ಕಾ

ಮರುದಿನ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಬಿರ್ಗಿತ್ತಾ ಹೇಳಿದ್ದ ಒಳ್ಳೆಯ ದಿನ. ಫಿನ್ಲೆಂಡಿನವನು ತನ್ನ ದಾರಿ ಬಿಟ್ಟು ನಮ್ಮ ಜೊತೆ ಇಳಿದು, ಸೆಲ್ಕಾದ ತಂಗುಮನೆ ಮುಟ್ಟಿಸಿ, "ಹೇ ಹೇ" ಎಂದು ಮತ್ತೆ ಘಟ್ಟ ಹತ್ತಿದ. ಅವನ ಹೆಸರು ಕೇಳುವುದನ್ನೂ ಮರೆತೆ.

ಸೆಲ್ಕಾದಲ್ಲಿ ಎರಡು ದಿನ ಉಳಿದೆವು. ರೈಲು ಹೋಗಲಿ, ವಿಮಾನ ಹೋಗಲಿ. ಹೊಳೆಯ ಪಕ್ಕ ಒಂದು ಹಬೆಮನೆ, ಬಿಸಿ ಹಬೆಯಲ್ಲಿ ಮೈ ಕಾಯಿಸಿಕೊಳ್ಳುವ ಕೋಣೆ. ಅಲ್ಲಿ ಕೂತು ಚಿಗಪ್ಪ ಮೈ ಕೆಂಪಾಗಿ ಬಂದ. ಗಂಜಿ ಕುಡಿದ, ಎರಡನೆಯ ದಿನ ಮತ್ತೆ ಸೌದೆಗೆ ಕೊಡಲಿ ಹಿಡಿದ. ಅವನಿಗೆ ಗೂಡಿನ ಮಧ್ಯಾಹ್ನ ಅರ್ಧಮರ್ಧ ನೆನಪಿತ್ತು. ನನಗೆ ಎಲ್ಲವೂ ನೆನಪಿತ್ತು. ಅವನು ನೀರಿಗೆ ಹೋಗಿ ಎರಡು ನಿಮಿಷ ತಡವಾದರೆ ನಾನು ಬಾಗಿಲಿಗೆ ಓಡುತ್ತಿದ್ದೆ.

ಹೊದಿಕೆ ಗೆದ್ದಿತು, ನನ್ನ ಹೊಲಿಗೆ ಗೆದ್ದಿತು ಎಂಬ ಭಾವ ನನಗೆ ಬರಲೇ ಇಲ್ಲ. ಒಲೆಯ ಮೇಲಿನ ತಂತಿಗೆ ಹರವಿದಾಗ ಅದರೊಳಗಿಂದ ಹಬೆ ಏಳುತ್ತಿತ್ತು. ಅದನ್ನು ನೋಡುತ್ತ, ಇದನ್ನು ಹೊಲಿಯುವಾಗ ಪಟ್ಟ ಭಯವನ್ನೆಲ್ಲ ತಪ್ಪು ಜಾಗದಲ್ಲಿ ಪಟ್ಟೆನಲ್ಲ ಎಂದುಕೊಂಡೆ. ದಾರ ಹರಿದರೆ ಎಂದು ಹೆದರಿದ್ದೆ. ನಾನು ಹಟ ಹಿಡಿದರೆ ಎಂದು ಹೆದರಿರಲಿಲ್ಲ.

"ಚಿಗಪ್ಪಾ, ಅವತ್ತು ನಿಲ್ಲಬೇಕಿತ್ತು. ತಪ್ಪು ನಂದು" ಎಂದೆ.

ಅವನು ಕೊಡಲಿ ಇಳಿಸಿದ. "ಬನೀನ್ ನಂದಲ್ಲೇನು? ನಿಂಗ ಹೂಂ ಅಂದು ಹಾಕ್ಕಂಡೋನು ನಾನು." ಸೀಳಿದ ಸೌದೆ ಬದಿಗಿಟ್ಟು, "ಮೈಗೆ ಹತ್ತಿ ಇಲ್ದ ಹೊರಗ ಬರಾಕ ಹೆಂಗೋ ಆಗ್ತಿತ್ತು. ಬತ್ತಲೆ ಬಂದಂಗ" ಎಂದ.

ನಿಕ್ಕಲುಒಕ್ತಾ

ದಾರಿ ಮುಗಿಯುವಲ್ಲಿ ಒಂದು ಊಟದ ಮನೆ, ಬಸ್ಸು ನಿಲ್ಲುವ ಜಾಗ. ಉಳಿದ ದಾರಿಯಲ್ಲಿ ಚಿಗಪ್ಪ ಮುಂದೆ, ನಾನು ಹಿಂದೆ ನಡೆದಿದ್ದೆವು. ವಾರದ ಮೇಲೆ ಮೊದಲ ಸಲ ಫೋನಿಗೆ ಜೀವ ಬಂತು. ಬಂದ ಕೂಡಲೇ ಚಿಗವ್ವನ ಕರೆ.

"ಯಾಕ ಇಷ್ಟು ದಿನ ಫೋನಿಲ್ಲ? ಅವ್ರು ಹೆಂಗದಾರ?"

ಚಿಗಪ್ಪ ಎದುರಿಗೇ ಕೂತಿದ್ದ. ತಟ್ಟೆಯಿಂದ ತಲೆಯೆತ್ತಿ, ಹೇಳಬೇಡ ಎಂದು ಕೈ ಅಲ್ಲಾಡಿಸಿದ. ಆರಾಮ ಅದಾನ ಎಂಬ ಎರಡು ಮಾತು ನನ್ನ ನಾಲಗೆಯ ಮೇಲೆ ಬಂದಿತ್ತು. ನಿಜವೂ ಆಗಿತ್ತು. ಆದರೆ ಹೇಳಲಾಗಲಿಲ್ಲ. ತಂಗುಮನೆಯಾಕೆ ನಿಲ್ಲಿರಿ ಎಂದಿದ್ದಳು, ನಾನು ನಿಲ್ಲಲಿಲ್ಲ, ಹಿಮದಲ್ಲಿ ಅವನ ಮೈ ತಣ್ಣಗಾಗಿತ್ತು, ಮಾತು ತಪ್ಪಿತ್ತು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಆ ಕಡೆ ಅಡುಗೆಮನೆಯ ನಲ್ಲಿಯ ನೀರು ಬೀಳುವುದು ಕೇಳುತ್ತಿತ್ತು. ಆಮೇಲೆ ನಲ್ಲಿ ನಿಂತಿತು.

"ಫೋನ್ ಅವ್ರ ಕೈಗೆ ಕೊಡು" ಎಂದಳು.

ಚಿಗಪ್ಪ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿದ. ಹೊರಗೆ ಬಸ್ಸು ಬಂದು ನಿಂತಿತ್ತು, ಜನ ಹತ್ತುತ್ತಿದ್ದರು. ಆ ದೇಶದ ಬಸ್ಸು ಒಂದು ನಿಮಿಷವೂ ಕಾಯುವುದಿಲ್ಲ. "ಹೂಂ" ಎಂದ. ಮತ್ತೆ "ಹೂಂ". ಆಮೇಲೆ ಅವನ ದನಿ ನಾನು ಎಂದೂ ಕೇಳದ ದನಿಯಾಯಿತು.

"ಭಾಳ ಅಂಜಿದ್ದೆ, ಗಂಗಾ. ಇಲ್ಲೇ ಉಳದುಬಿಡ್ತೀನೇನೋ ಅಂತ."

ಅವನು ಚಿಗವ್ವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ನಾನು ಅಲ್ಲಿ ನಿಲ್ಲಬಾರದೆನಿಸಿತು. ಎರಡೂ ಚೀಲ ಎತ್ತಿಕೊಂಡು ಹೊರಗೆ ಬಂದೆ. ಡ್ರೈವರು ಬಾಗಿಲ ಗುಂಡಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದ. ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅಲ್ಲಿ ಚಿಗಪ್ಪ ಬೆನ್ನು ಮಾಡಿ ನಿಂತಿದ್ದ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡು.

ಡ್ರೈವರು ಅವನನ್ನು ಸ್ವಲ್ಪ ಹೊತ್ತು ನೋಡಿದ. ಎಂಜಿನ್ ಆರಿಸಿ, ಕೈ ಕಟ್ಟಿ ಕೂತ.